ನಿನ್ನ ಹಿತ್ತಿಲ ಗೋಡೆಗೆ ಒರಗಿ

ಮಾತೆಬೊಹೊ,

ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ. ಆದರೂ ಇವತ್ತಿನದನ್ನು ಹೇಳದೆ ಇರಲಾರೆ.

ನಿನ್ನ ಹೆಂಡದ ಮನೆಯ ಗದ್ದಲಕ್ಕೆ ನಿದ್ದೆಯಿಲ್ಲ ಎಂದು ಪ್ರಾರ್ಥನಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಊರ ಮುಖ್ಯಸ್ಥರ ಹತ್ತಿರ ಹೋದವಳು ನಾನೇ. ಹೆಂಡ ಸಿದ್ಧವೆಂದು ಏರಿಸುತ್ತಿದ್ದ ಬಿಳಿ ಬಾವುಟವನ್ನು ಇಳಿಸಿಕೊಂಡು ನೀನು ಹಳ್ಳದಾಚೆಗೆ ಹೋದೆ. ಅಂದಿನಿಂದ ಪಕ್ಕದ ಮನೆ ತಣ್ಣಗಿದೆ, ನನಗೆ ಕಣ್ಣೇ ಮುಚ್ಚುತ್ತಿಲ್ಲ. ಬಿಸಿ ಹಾಲು ಕುಡಿದೆ, ಕೀರ್ತನೆ ಹೇಳಿಕೊಂಡೆ, ಬೈಬಲನ್ನು ದಿಂಬಿನಡಿ ಇಟ್ಟೆ. ಸಂಘದವರು ಕೇಳಿದರೆ ಮಾತ್ರ "ದೇವರ ದಯೆ, ಚೆನ್ನಾಗಿ ನಿದ್ದೆ ಬರ್ತದೆ" ಎನ್ನುತ್ತೇನೆ.

ಇವತ್ತು ಗುರುವಾರದ ಪ್ರಾರ್ಥನೆ ಮುಗಿಸಿ, ಸಂಘದ ಸಮವಸ್ತ್ರವಾದ ಬಿಳಿ ಕಾಲರಿನ ಅಂಗಿಯಲ್ಲೇ ನಿನ್ನ ಹೊಸ ಮನೆಗೆ ಬಂದೆ. ಮರಳಿ ಬಾ ಎಂದು ಕೇಳಬೇಕಿತ್ತು. ಒಳಗೆ ಬರಲು ಧೈರ್ಯ ಸಾಲದೆ ಹಿತ್ತಿಲ ಗೋಡೆಗೆ ಒರಗಿ ಕುಳಿತೆ. ನೀನು ಯಾರಿಗೋ ಬೈಯುತ್ತಿದ್ದೆ, ನಡುವೆ ಹಾಡುತ್ತಿದ್ದೆ, ರಾಗ ಮೊದಲಿನ ಹಾಗೇ ತಪ್ಪುತ್ತಿತ್ತು. ಕೇಳುತ್ತ ಕೇಳುತ್ತ ನಿದ್ದೆ ಹೋದೆ.

ನಿನ್ನ ಗಿರಾಕಿಯೊಬ್ಬ ಭುಜ ಅಲುಗಿಸಿದ. "ಏಳವ್ವ. ಪ್ರಾರ್ಥನೇಲಿ ಇಷ್ಟೊಂದು ಕುಡಿಸ್ತಾರಾ?"

ಎಲ್ಲರೂ ನಕ್ಕರು. "ಯಾರೋ ಅದು?" ಎಂದು ನೀನು ಒಳಗಿಂದ ಕೇಳಿದೆ.

"ಯಾವ್ದೋ ಚರ್ಚಿನವ್ವ. ಟೈಟಾಗಿ ಮಲಗವ್ಳೆ."

"ನಗಬೇಡ್ರೋ. ಗಾಳಿ ಎದ್ದದೆ, ನನ್ನ ಕಂಬಳಿ ಹೊದಿಸು."

ನಾನು ಕುಡಿದಿಲ್ಲ ಎನ್ನಬಹುದಿತ್ತು. ಆಗ ಯಾಕೆ ಬಂದೆ ಎಂದೂ ಹೇಳಬೇಕಾಗುತ್ತಿತ್ತು. ಕಂಬಳಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡೆ. ಅದರಲ್ಲಿ ನಿನ್ನ ಒಲೆಯ ಹೊಗೆಯ ವಾಸನೆಯಿತ್ತು. ಮತ್ತೆ ನಿದ್ದೆ ಬಂದುಬಿಟ್ಟಿತು, ಮಾತೆಬೊಹೊ.