ವೀಡಿಯೊದಲ್ಲಿರುವ ಕೈ

ಅಮ್ಮಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ಅಪ್ಪನ ಕೈಯಲ್ಲಿ ಓದಿಸಬೇಡ.

ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನ್ನ ಚಾನೆಲ್‌ನಲ್ಲಿ ಜನ ಮುಗಿಬಿದ್ದು ನೋಡಿದ್ದು, ಮೊಸರಿನ ಹನಿಯನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕಕ್ಕೆ ಸಿದ್ಧಮಾಡುವ ವೀಡಿಯೊ. ಮುಖ, ಮಾತು ನನ್ನದು. ಹನಿ ಅಂಟಿಕೊಳ್ಳಲೆಂದು ಗಾಜನ್ನು ಉರಿಯ ಮೇಲೆ ಹಾಯಿಸಿ, ಕೈಯ ಹಿಂಬದಿಗೆ ತಾಗಿಸಿ ಬಿಸಿ ನೋಡುವ ಕೈ ನಿನ್ನದು. ಇಪ್ಪತ್ತು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆಯುತ್ತಲೇ ನೋಡಿ ಕಲಿತ ಕೈ. ಎಲ್ಲರೂ ಅದನ್ನೂ ನನ್ನದೇ ಎಂದುಕೊಂಡರು, ನಾನು ತಿದ್ದಲಿಲ್ಲ.

"ಅದು ನನ್ ಕೈ ಕಣೇ!" ಎಂದು ನೀನು ಕಾಮೆಂಟ್ ಹಾಕಿದೆ. ಹತ್ತು ನಿಮಿಷದಲ್ಲಿ ನಾನು ಅದನ್ನು ಅಳಿಸಿದೆ. ನಾನು ಗಾಜು ತೊಳೆಯುವವಳ ಮಗಳೆಂದು ಜನಕ್ಕೆ ಗೊತ್ತಾದೀತೆಂಬ ಭಯ. "ನಾನ್ ಬರ್ದಿದ್ದು ಕಾಣ್ತಾನೇ ಇಲ್ವಲ್ಲೇ" ಎಂದು ನೀನು ಕೇಳಿದಾಗ, "ನೆಟ್‌ವರ್ಕ್ ಸರಿ ಇಲ್ಲಮ್ಮ" ಎಂದೆ. ಪಾಪ, ನೀನು ನಂಬಿ, ನೆಟ್‌ವರ್ಕ್ ಸಿಗಲೆಂದು ಮಹಡಿ ಹತ್ತಿ ಇನ್ನೂ ಮೂರು ಸಲ ಹಾಕಿದೆ. ಮೂರನ್ನೂ ನಾನೇ ಅಳಿಸಿದೆ.

ನಿನ್ನೆ ಆ ವೀಡಿಯೊದ ಕೆಳಗೆ ಒಬ್ಬ ಹುಡುಗಿ ಕೇಳಿದ್ದಾಳೆ: "ಅಕ್ಕ, ಬಣ್ಣ ಹಾಕಿ ತೊಳೆದ್ರೆ ನನ್ ಗಾಜಲ್ಲಿ ಏನೂ ಉಳಿಯಲ್ಲ. ಎಷ್ಟು ಬಿಸಿ ಮಾಡ್ಬೇಕು?" ನನಗೆ ಗೊತ್ತಿಲ್ಲ. ನನ್ನ ಕೈ ಒಮ್ಮೆಯೂ ಆ ಬಿಸಿ ನೋಡಿಲ್ಲ.

ಇವತ್ತು ವೀಡಿಯೊದ ಕೆಳಗೆ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ಈ ಕೈ ನನ್ನ ಅಮ್ಮನದು, ಲ್ಯಾಬಿನಲ್ಲಿ ಗಾಜು ತೊಳೆಯುತ್ತಾರೆ, ಅವರನ್ನೇ ಕೇಳಿ.

ಆ ಹುಡುಗಿಗೆ ನೀನೇ ಉತ್ತರ ಬರೆ. ಮಹಡಿ ಹತ್ತಬೇಡ, ಮಂಡಿ ನೋವು ಬೇರೆ. ಅಡುಗೆಮನೆಯಲ್ಲೇ ಕೂತು ಬರೆ. ನೆಟ್‌ವರ್ಕ್ ಯಾವತ್ತೂ ಸರಿಯಾಗಿಯೇ ಇತ್ತು.

ನಿನ್ನ ಮಗಳು