ಮನ್ಯಾಗ ಎಷ್ಟು ಮಂದಿ ಅದೀರಿ?

ಕಾಕು,

ನೀನು ಹೋದ ಕಡೆಗೆ ಫೋನು ಹತ್ತುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನನ್ನ ಬರವಣಿಗೆ ಇನ್ನೂ ಹಾಗೇ ಇದೆ, ಗೆರೆ ಇಲ್ಲದ ಹಾಳೆ ಕೊಟ್ಟರೆ ಸಾಲು ಓರೆಯಾಗಿ ಮೇಲಕ್ಕೇರುತ್ತದೆ. "ಮಾಂತ್ಯಾ, ನಿನ್ನ ಸಾಲು ಎಲ್ಲವ್ವನ ಗುಡ್ಡಾ ಹತ್ತಾಕ ಹತ್ತ್ಯಾವಲ್ಲೋ" ಅಂತ ನಗುತ್ತಿದ್ದೆಯಲ್ಲ, ಇದನ್ನು ನೋಡಿದ್ದರೂ ಹಾಗೇ ನಗುತ್ತಿದ್ದೆ.

ಹೂಲಿಯ ನಮ್ಮ ಓಣಿಗೆ ಮೊದಲ ಫೋನು ಬಂದ ದಿನ ನೆನಪಾಗುತ್ತದೆ. ನಾನು ಆಗ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ. ನಮ್ಮ ಪಕ್ಕದ ನಿನ್ನ ಮನೆಯಲ್ಲಿ ಲೈನ್‌ಮನ್ ವೈರು ಹಿಡಿದು ನಿಂತಿದ್ದ. ಪಡಸಾಲೆಯ ನಡುವೆ, ಬಂದವರಿಗೆಲ್ಲ ಕಾಣುವ ಹಾಗೆ ಇಡಬೇಕು ಅಂತ ಕಾಕಾ. ಕಿಟಕಿಯ ಪಕ್ಕವೇ ಇಡಬೇಕು ಅಂತ ನೀನು. "ನಮಗ ಯಾರ್ ಫೋನ್ ಮಾಡ್ತಾರ್ರಿ? ಬರೂವೆಲ್ಲಾ ಓಣಿ ಮಂದೀವ. ಕಿಡಿಕ್ಯಾಗಿಂದ ಒದರಿದ್ರ ಅವರಿಗೆ ಕೇಳಬೇಕಲ್ಲ?" ಅಂದೆ. ಕಾಕಾ ಸೋತರು. ಅಂದಿನಿಂದ ನಮ್ಮ ಓಣಿಯ ಮದುವೆ ಕಾರ್ಡುಗಳಲ್ಲೆಲ್ಲ ನಿನ್ನ ಮನೆಯ ನಂಬರು, ಮುಂದೆ ಪಿ.ಪಿ. ಅಂತ ಎರಡಕ್ಷರ. ಫೋನು ಪಕ್ಕದ ಮನೆಯದು, ಕರೆದು ಕೊಡುತ್ತಾರೆ ಅಂತ ಅದರ ಅರ್ಥ. ಬೇರೆ ಕಡೆ ಪಿ.ಪಿ. ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರಂತೆ. ನೀನೋ, ಕೈಯಲ್ಲಿ ಹಿಟ್ಟಿದ್ದರೂ ಓಡುತ್ತಿದ್ದೆ.

ಐತವಾರ ಬಂದರೆ ನಾನು ನಿನ್ನ ಕಿಟಕಿಯ ಕೆಳಗೇ ಕೂತಿರುತ್ತಿದ್ದೆ. ಅಪ್ಪ ಅವ್ವ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿದ್ದರು, ನಾನು ಅಜ್ಜಿಯ, ನಮ್ಮ ಆಯಿಯ ಹತ್ತಿರ ಇದ್ದೆ. ಗಂಟೆ ಬಾರಿಸಿದ ಕೂಡಲೇ ನೀನು ಎತ್ತಿ, ಆ ಕಡೆಯವರು ಹೆಸರು ಹೇಳುವ ಮೊದಲೇ "ಲೇ ಮಾಂತ್ಯಾ, ನಿಮ್ಮಪ್ಪ!" ಅನ್ನುತ್ತಿದ್ದೆ. ಹೇಗೆ ಗೊತ್ತಾಯಿತು ಅಂದರೆ, "ಅಂವ ಹಲೋ ಅನ್ನೂಕಿಂತ ಮೊದಲ ಮೂಗ ಏರಸ್ತಾನ" ಅಂತಿದ್ದೆ. ಓಣಿಯ ಎಲ್ಲರ ಬೀಗರು, ಅಳಿಯಂದಿರು, ಮಿಲಿಟರಿಯಲ್ಲಿದ್ದ ಹುಡುಗರು, ಎಲ್ಲರ ದನಿಯೂ ನಿನಗೆ ಗೊತ್ತು. ನಾನು ಮಾತಾಡುವಾಗ ನೀನು ಪಕ್ಕದಲ್ಲೇ ನಿಂತು ತಿವಿಯುತ್ತಿದ್ದೆ: "ಗಣಿತದಾಗ ಎಷ್ಟ ಬಿದ್ದಾವು ಅವ್ವಗ ಹೇಳು. ನೀ ಹೇಳ್ತೀಯೊ, ನಾ ಹೇಳ್ಲೊ?" ಆಯಿ ತೀರಿಕೊಂಡ ಮೇಲೆ ಹತ್ತನೆಯ ಇಯತ್ತೆ ಮುಗಿಯುವ ತನಕ ನಾನು ಉಂಡದ್ದು, ಮಲಗಿದ್ದು ನಿನ್ನ ಮನೆಯಲ್ಲೇ. ಮಗಳು ಶೋಭಕ್ಕನನ್ನು ರಾಮದುರ್ಗಕ್ಕೆ ಕೊಟ್ಟಾಗಿತ್ತು. ಅವಳ ತಾಟು ನನಗೆ ಬಂದಿತ್ತು.

ಬೈಲಹೊಂಗಲದ ಬಸ್ಸು ಹತ್ತಿದ ಬೆಳಿಗ್ಗೆ ನಿನಗೊಂದು ಮಾತು ಕೊಟ್ಟೆ. ಅಷ್ಟರಲ್ಲಿ ಸವದತ್ತಿಯ ಸೈಕಲ್ ಅಂಗಡಿ ಬಿಟ್ಟಿದ್ದೆ, ಕಿತ್ತೂರಿನ ಹೋಟೆಲ್ಲು ಬಿಟ್ಟಿದ್ದೆ. "ಇಂವನ ಕಾಲಾಗ ಇರಿವಿ ಬಿಟ್ಟಾರ" ಅಂತ ಕಾಕಾ ಬೈದರು. ನೀನು ಬೈಯಲಿಲ್ಲ. "ಸಾಲಿ ಬಿಡಬ್ಯಾಡೊ ಯಪ್ಪಾ" ಅಂದೆ, ಅಷ್ಟೇ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಪಿಯುಸಿ ಹೊರಗಿಂದ ಕಟ್ಟತೇನಿ ಕಾಕು. ಕೆಲಸಾನೂ ಮಾಡ್ತೇನಿ, ಪರೀಕ್ಷಾನೂ ಬರೀತೇನಿ" ಅಂದೆ. ಆ ಹೊತ್ತಿಗೆ ನಿಜವಾಗಿಯೂ ಕಟ್ಟಬೇಕು ಅಂತಲೇ ಇತ್ತು. ಆಮೇಲೆ ನೀನು ಫೋನಿನಲ್ಲಿ "ಅಭ್ಯಾಸ ನಡದೈತೇನೊ?" ಅಂದಾಗಲೆಲ್ಲ "ಹೂಂ, ನಡದೈತಿ" ಅಂದೆ. ಕಟ್ಟದೇ ಇದ್ದರೂ ಹಾಗೆ ಅನ್ನುವುದು ಎಷ್ಟು ಸಲೀಸಾಗಿ ರೂಢಿಯಾಯಿತು ಅಂದರೆ...

ಬೈಲಹೊಂಗಲದಲ್ಲಿ ಫೋನಿನ ಸಮೀಕ್ಷೆಯ ಕೆಲಸ ಸಿಕ್ಕ ದಿನ ಎಷ್ಟು ಹಿಗ್ಗಿದ್ದೆ ಅಂತೀ! ಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಕೋಣೆ, ಸಾಲಾಗಿ ಫೋನುಗಳು. ಧಾರವಾಡದಿಂದ ಒಬ್ಬ ಮೇಡಮ್ ಬಂದು ಕಲಿಸಿದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಕಡೆಯ ಮನೆಗಳಿಗೆ ಫೋನು ಮಾಡುವುದು. ಮನೆಯಲ್ಲಿ ಯಾರ‍್ಯಾರು ಏನು ಕಲಿತಿದ್ದಾರೆ, ಈಗ ಏನು ಕಲಿಯುತ್ತಿದ್ದಾರೆ ಅಂತ ಕೇಳಿ ಬರೆದುಕೊಳ್ಳುವುದು. ಅಂಗನವಾಡಿಯ ಕೂಸಿನಿಂದ ಹಿಡಿದು ಹಲ್ಲು ಬಿದ್ದ ಮುತ್ಯಾನ ತನಕ, ಯಾವ ವಯಸ್ಸನ್ನೂ ಬಿಡುವ ಹಾಗಿಲ್ಲ. ಕಿತ್ತೂರಿನ ಒಬ್ಬ ಗೌಡರು "ನಮ್ಮ ಮುತ್ಯಾ ಈಗ ಏನ್ ಕಲೀತಾನೊ ಮಾರಾಯಾ? ನನ್ನ ಬೈಯೂದೊಂದ ಕಲಿಯಾಕ ಹತ್ಯಾನ, ಅದರಾಗ ಫಸ್ಟ್ ಕ್ಲಾಸ್ ಅದಾನ, ಬರಕೊ" ಅಂದರು. ಹಿಂದಿನಿಂದ ಮುತ್ಯಾ ಬೈದದ್ದೂ ಕೇಳಿಸಿತು. ಹೆಣ್ಣುಮಕ್ಕಳು ಎತ್ತಿದರೆ ಇನ್ನೊಂದು ಫಜೀತಿ: ಗಂಡನ ಹೆಸರು ಬಾಯಿಬಿಟ್ಟು ಹೇಳರು. ನಾನೇ ಒಂದೊಂದು ದೇವರ ಹೆಸರು ಹೇಳುತ್ತ ಹೋಗುತ್ತಿದ್ದೆ, ಸರಿ ಬಂದಾಗ ಆ ಕಡೆ "ಹೂಂ" ಅನ್ನುತ್ತಿದ್ದರು. ನಾನು ಒಂದೇ ಕಡೆ ಗಟ್ಟಿಯಾಗಿ ಕೂತು ಮಾಡಿದ ಮೊದಲ ಕೆಲಸ ಅದು.

ಮೇಡಮ್ ಎರಡು ಮಾತು ಬಿಗಿಯಾಗಿ ಹೇಳಿದ್ದರು. ಒಂದು, ಆ ಮನೆಯಲ್ಲೇ ಉಂಡು ಮಲಗುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಬೇರೆ ಊರಲ್ಲಿ ಇರುವವರು, ಪಕ್ಕದ ಮನೆಯವರು ಯಾರೂ ಬೇಡ. ಇನ್ನೊಂದು, ಗೊತ್ತಿದ್ದವರ ಮನೆಗೆ ಫೋನು ಹತ್ತಿದರೆ ಪಕ್ಕದವರ ಕೈಗೆ ಕೊಡಬೇಕು. ನಾನೇ ಕೇಳಿದೆ: "ಫೋನ್ ಇಲ್ಲದ ಮನೀವ್ರು ಏನ್ ಕಲತಾರ ಅಂತ ಹೆಂಗ್ ಗೊತ್ತಾಗತೈತ್ರಿ?" ಮೇಡಮ್ "ಗೊತ್ತಾಗಂಗಿಲ್ಲ, ಅದ ಇದರ ಕೊರತಿ" ಅಂದರು. ನಮ್ಮ ಓಣಿ ಕಣ್ಣ ಮುಂದೆ ಬಂತು. ನಿನ್ನ ಮನೆಯೊಂದನ್ನು ಬಿಟ್ಟರೆ ಮತ್ತೆ ಯಾರಿಗೆ ಇತ್ತು ಹೇಳು?

ಒಂದು ದಿನ, ಫೋನು ಮಾಡಬೇಕಾದ ನಂಬರುಗಳ ಚೀಟಿಯಲ್ಲಿ ನಿನ್ನ ನಂಬರು ಬಂತು ಕಾಕು. ನೋಡಿದ ಕೂಡಲೇ ಗೊತ್ತಾಯಿತು. ಪಕ್ಕದ ಹುಡುಗಿ ಬೇರೆ ಯಾರ ಜೊತೆಗೋ ಮಾತಿನಲ್ಲಿದ್ದಳು. ಕೊಡಬೇಕಿತ್ತು, ಒಂದು ಗಳಿಗೆ ಕಾಯಬೇಕಿತ್ತು. ಯಾಕೆ ಕಾಯಲಿಲ್ಲ? ನಿನ್ನ ದನಿ ಕೇಳುವ ಆಸೆ ಇರಬಹುದು. ಸಾಹೇಬನ ಹಾಗೆ ಮಾತಾಡಿ ಆಮೇಲೆ "ನಾನs ಕಾಕು" ಅಂತ ನಗಿಸುವ ಆಸೆಯೂ ಇರಬಹುದು. ತಿರುಗಿಸಿದೆ. ನೀನು ಎತ್ತಿದೆ.

"ಹಲೋ, ನಮಸ್ಕಾರ್ರೀ. ಶಿಕ್ಷಣದ ಬಗ್ಗೆ ಒಂದಿಷ್ಟು ಮಾಹಿತಿ ಕೇಳಬೇಕಾಗಿತ್ತು. ಮನ್ಯಾಗ ಎಷ್ಟು ಮಂದಿ ಅದೀರಿ?" ಅಂದೆ. ನನ್ನ ಬಾಯಿಂದ ನಿನಗೆ ಮೊದಲ ಸಲ 'ರೀ' ಬಂದಿತ್ತು.

"ಕೇಳ್ರಿ ಸಾಹೇಬ್ರ" ಅಂದೆ ನೀನು. "ಬರಕೋರಿ. ಮನೀ ಯಜಮಾನ್ರು. ಹೆಸರು ನಾ ಹೇಳಂಗಿಲ್ಲ, ಚಕ್ಕಡಿ ಕಟಗೊಂಡು ಉಳವಿಗೆ ಹೋಗ್ತಾರಲ್ಲ, ಆ ದೇವರ ಹೆಸರ."

"ಚನ್ನಬಸಪ್ಪ" ಅಂದೆ ನಾನು.

"ಹೂಂ. ಅವರು ಏಳನೇತ್ತ. ನಾನು ನಾಕನೇತ್ತ. ಮಗಳು ಶೋಭಾ, ಹತ್ತನೇತ್ತ, ರಾಮದುರ್ಗದಾಗ ಇರ್ತಾಳ."

"ಅಲ್ಲಿ ಇದ್ರ ಇಲ್ಲಿ ಬರಂಗಿಲ್ರಿ."

"ಬಿಡ್ರಿ ಹಂಗಾರ. ಆಕೀನ್ನ ಅವರ ಮನ್ಯಾಗ ಬರಕೋತಾರ. ಇನ್ನೊಬ್ಬಂವ ಅದಾನ. ಮಹಾಂತೇಶ. ಮಗ ಅಂತ ಬರಕೋರಿ."

ನನ್ನ ಪೆನ್ನು ನಿಂತಿತು. ಆಗಲಾದರೂ ನಗಬೇಕಿತ್ತು. ಆದರೆ ನೀನು ಮುಂದುವರಿಸಿದೆ: "ಹತ್ತನೇತ್ತ ಪಾಸಾಗ್ಯಾನ. ಬೈಲಹೊಂಗಲದಾಗ ಕೆಲಸಾ ಮಾಡಕೋತ ಹೊರಗಿಂದ ಪಿಯುಸಿ ಕಟ್ಟ್ಯಾನ. ಅಭ್ಯಾಸ ಮಾಡಾಕ ಹತ್ಯಾನ. ಅದನ್ನ ದಪ್ಪ ಅಕ್ಷರದಾಗ ಬರಕೋರಿ."

ನನ್ನ ಸುಳ್ಳು, ಕಾಕು, ನಿನ್ನ ಬಾಯಿಂದ ಎಷ್ಟು ಚೆಂದ ಕಂಡಿತು ಗೊತ್ತೇ? ಈಗ "ನಾನs" ಅಂದರೆ ನೀನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ನನಗೆ ಗೊತ್ತಿತ್ತು. ಬೆನ್ನ ಹಿಂದೆ ಮೇಡಮ್ ಓಡಾಡುತ್ತಿದ್ದರು. ಸಾಹೇಬನ ದನಿಯಲ್ಲೇ ಕೇಳಿದೆ: "ಅಂವ ಈಗ ನಿಮ್ಮ ಮನ್ಯಾಗ ಉಣ್ತಾನೇನ್ರಿ? ಅಲ್ಲೇ ಮಲಗ್ತಾನೇನ್ರಿ?"

"ಈಗ ಇಲ್ಲ. ಬರ್ತಾನ."

"ಹಡದ ಮಗಾ ಏನ್ರಿ?"

ನೀನು ತಕ್ಷಣ ಉತ್ತರ ಕೊಡಲಿಲ್ಲ. ಎಷ್ಟು ಹೊತ್ತೋ. "ಅಲ್ರೀ" ಅಂದೆ.

"ಹಂಗಾರ ಅಂವ ಬರಂಗಿಲ್ರಿ" ಅಂದೆ. ನಾನೇ ಅಂದೆ. ಮಗ ಹೌದೋ ಅಲ್ಲವೋ ಅಂತ ಮೇಡಮ್ ಕೇಳು ಅಂದಿರಲಿಲ್ಲ, ಉಣ್ಣುವುದು ಮಲಗುವುದು ಅಷ್ಟೇ ಅವರಿಗೆ ಬೇಕಿತ್ತು. ಆ ಪ್ರಶ್ನೆ ನಾನು ನನ್ನ ಕಡೆಯಿಂದ ಸೇರಿಸಿದ್ದು. ಯಾಕೆ ಸೇರಿಸಿದೆ ಅಂತ ಇವತ್ತಿಗೂ...

"ಹಂಗಾರ ಈ ಮನ್ಯಾಗ ಕಲಿಯೋರು ಯಾರೂ ಇಲ್ಲ ಅಂತ ಆತೇನ್ರಿ?" ಅಂತ ಕೇಳಿದೆ ನೀನು.

"ಹೌದ್ರಿ."

"ಹಂಗ ಬರಕೋರಿ. ಹೊತ್ತ ಹೊತ್ತಿಗೆ ಉಣ್ರಿ ಸಾಹೇಬ್ರ, ದನಿ ಸಣ್ಣಾಗೈತಿ" ಅಂದು ಇಟ್ಟುಬಿಟ್ಟೆ.

ಆ ಕೊನೆಯ ಮಾತು ಕೇಳಿಯೂ ನನಗೆ ಹೊಳೆಯಲಿಲ್ಲ ನೋಡು. ಯಾರ ಜೊತೆಗೂ ನೀನು ಹಾಗೇ ಮಾತಾಡುತ್ತೀ ಅಂದುಕೊಂಡೆ. ಅಮಾವಾಸ್ಯೆ ಅಮಾವಾಸ್ಯೆಗೆ ಊರಿಗೆ ಬರುತ್ತಿದ್ದವನಿಗೆ ಈಗ ಬರಲು ಮುಖವಿಲ್ಲದಾಯಿತು. ಫಾರ್ಮ್ ತುಂಬಿ ಆಮೇಲೆ ಹೋಗೋಣ, ಆಗ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಅಂದುಕೊಂಡೆ. ಫಾರ್ಮ್ ತುಂಬುವ ತಾರೀಖು ದಾಟಿತು. ಮುಂದಿನ ಅಮಾವಾಸ್ಯೆಗೆ, ಅದರ ಮುಂದಿನ ಅಮಾವಾಸ್ಯೆಗೆ ಅಂತ ದೂಡಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಕಾಕಾ ಕೆಳಗಿನ ಅಂಗಡಿಗೆ ಫೋನು ಮಾಡಿ ನನ್ನನ್ನು ಕರೆಸಿದರು. ನಿನ್ನ ಎದೆ ನಿಂತು ಆಗಲೇ ಒಂದು ತಾಸಾಗಿತ್ತು.

ಮಣ್ಣು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಾಗ ಕಾಕಾನೇ ಮಾತು ತೆಗೆದರು. "ನೀ ಫೋನ್ ಮಾಡಿದ್ದ್ಯಲ್ಲ, ಮನ್ಯಾಗ ಎಷ್ಟ ಮಂದಿ ಅಂತ?" ನಾನು ತಲೆ ಎತ್ತಲಿಲ್ಲ. "ಹಲೋ ಅಂದಕೂಡಲೇ ಆಕಿಗೆ ಗೊತ್ತಾತು. ಇಟ್ಟ ಮ್ಯಾಲ ಒಂದೀಟು ನಕ್ಳು. ನಮ್ಮ ಹುಡುಗ ನನಗ ರೀ ಹಚ್ಚಿ ಮಾತಾಡಿದ ಅಂದ್ಲು. ಆಮ್ಯಾಲ ಭಾಳೊತ್ತನ ಕಿಡಿಕ್ಯಾಗ ಕುಂತ್ಲು. ನಾ ಅಂದ್ನಿ, ಹೊಳ್ಳಿ ಫೋನ್ ಹಚ್ಚಿ ನಾಕ ಬೈತೇನಿ ಅಂತ. ಬ್ಯಾಡ್ರಿ, ತಾನs ಹೇಳ್ತಾನ, ತಡೀರಿ ಅಂದ್ಲು."

ತಾನs ಹೇಳ್ತಾನ ತಡೀರಿ. ಕಾಕು, ಪಿಯುಸಿ ಮಾತು ಸುಳ್ಳು ಅಂತಲೂ ನಿನಗೆ ಗೊತ್ತಿತ್ತೇ? ಗೊತ್ತಿದ್ದೇ ದಪ್ಪ ಅಕ್ಷರದಲ್ಲಿ ಬರೆದುಕೋ ಅಂದೆಯಾ? ನಾನು ಬಾಯಿ ಬಿಡಲಿ ಅಂತ ಜಾಗ ಬಿಟ್ಟು ಮಾತಾಡಿದೆಯಾ? ನನಗೆ ನಿನ್ನ ಸಾವಿಗಿಂತ ಹೆಚ್ಚಾಗಿ ಆ ಕಾಯುವಿಕೆಯೇ ಚುಚ್ಚುತ್ತದೆ. ಅಮಾವಾಸ್ಯೆ ಬಂದಾಗಲೆಲ್ಲ ಹೋಳಿಗೆ ತಾಟು ಮುಚ್ಚಿಟ್ಟು ಬಸ್ಸಿನ ಸದ್ದಿಗೆ ಕಿವಿ ಕೊಡುತ್ತಿದ್ದೆಯಂತೆ.

ನೀನು ಕೇಳದ ಸುದ್ದಿ ಈಗ ಹೇಳುತ್ತೇನೆ. ಆ ಕೆಲಸ ಮುಗಿದ ಮೇಲೆ ಹೂಲಿಗೇ ಬಂದೆ. ಸವದತ್ತಿಯಲ್ಲಿ ಮೋಟಾರು ರಿಪೇರಿ ಅಂಗಡಿಗೆ ಹೋಗುತ್ತೇನೆ, ಸಂಜೆಗೆ ಬಂದು ಕಾಕಾನ ಜೊತೆ ಉಣ್ಣುತ್ತೇನೆ. ಓಣಿಯಲ್ಲಿ ಈಗ ಎಲ್ಲರ ಕಿಸೆಯಲ್ಲೂ ಮೊಬೈಲು. ನಿನ್ನ ಫೋನನ್ನು ಮಾತ್ರ ಕಾಕಾ ತೆಗೆಸಲು ಬಿಟ್ಟಿಲ್ಲ. ಹೋದ ವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಅದು ಬಾರಿಸಿತು. ಕಾಕಾ ಎತ್ತಿದರು. ಹಿಂದೆ ಕೇಳಿದ ಮನೆಗಳಿಗೇ ಮತ್ತೆ ಕೇಳುತ್ತಿದ್ದಾರಂತೆ, ಒಬ್ಬ ಹುಡುಗಿ.

"ಇಬ್ರು" ಅಂತ ಒದರಿದರು ಕಾಕಾ. "ನಾನು, ನನ್ನ ಮಗಾ. ಹೂಂ, ಇಲ್ಲೇ ಉಣ್ತಾನ, ಇಲ್ಲೇ ಮಲಗ್ತಾನ. ಅಂವ ಬಡದ ರೊಟ್ಟಿ ನಾ ತಿನ್ನಾಕ ಹತ್ತೇನಿ, ಇನ್ನೇನ್ ಸಾಕ್ಷಿ ಬೇಕವಾ ನಿನಗ?" ಆಮೇಲೆ ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು. "ಮಗಾ ಏನರೆ ಕಲಿಯಾಕ ಹತ್ಯಾನೇನು ಅಂತ ಕೇಳ್ತಾಳ. ಏನ್ ಹೇಳ್ಲೊ?"

ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡೆ. "ಹತ್ತನೇತ್ತ ಆಗೈತ್ರಿ. ಪಿಯುಸಿ ಕಟ್ಟತೇನಿ ಅಂದಿದ್ದ, ಕಟ್ಟಿಲ್ಲ. ಈಗ ಏನೂ ಕಲಿಯಾಕ ಹತ್ತಿಲ್ರಿ" ಅಂದೆ.

"ನೀವ್ಯಾರ್ರಿ ಮಾತಾಡೂದು?" ಅಂದಳು ಆ ಹುಡುಗಿ.

"ನಾನs ರೀ ಅಂವ" ಅಂದೆ. "ಮಹಾಂತೇಶ."

ಇದೇ ಮಾತಲ್ಲವೇ ಕಾಕು, ನೀನು ಕಾದದ್ದು? ಯಾರೋ ಗೊತ್ತಿಲ್ಲದ ಹುಡುಗಿಗೆ ಹೇಳಿದೆ. ಈ ಸಲ ನಿನಗೆ ಬೇರೆ ಮಾತು ಕೊಡುವುದಿಲ್ಲ. ಫಾರ್ಮ್ ತಂದಿದ್ದೇನೆ, ತುಂಬಿಲ್ಲ ಅಂತಲೂ ಹೇಳುತ್ತಿದ್ದೇನೆ. ತುಂಬಿದ ದಿನ ಕಿಟಕಿಯ ಹತ್ತಿರ ನಿಂತು, ಇಡೀ ಓಣಿಗೆ ಕೇಳುವ ಹಾಗೆ ಒದರುತ್ತೇನೆ.

ನಿನ್ನ ಮನೆಯಲ್ಲಿ ಉಂಡು ಮಲಗುವ,
ಮಾಂತ್ಯಾ