ಎಡಗಡೆಯ ಬಾಗಿಲು

ಏಪ್ರಿಲ್ 19, ಶನಿವಾರ

ಕಾರಿನ ತಗ್ಗಿಗೆ ಎರಡನೇ ಸಲ ಪುಟ್ಟಿ ಮೆತ್ತಿದೆ. ಮೊದಲಿನದು ಬಿರಿದಿತ್ತು — ಗಟ್ಟಿ ಮಾಡೋ ಹಾರ್ಡನರ್ ಜಾಸ್ತಿಯಾಗಿತ್ತು. ಎಡಗಡೆಯ ಮುಂದಿನ ಬಾಗಿಲು, ಎರಡಂಗೈ ಅಗಲದ ತಗ್ಗು. ಬಂದರಿನ ತಿರುವಿನ ಕಂಬಕ್ಕೆ ಗುದ್ದಿದ್ದು. ಹೆಂಡತಿ ಕಿನುಯೊ ಆ ಕಡೆಯೇ ಕೂತಿದ್ದಳು. ಪೆಟ್ಟಾಗಲಿಲ್ಲ. "ಕಂಬಕ್ಕೇನಾಯ್ತೋ ನೋಡಿ ಬನ್ರೀ ಮೊದಲು" ಅಂದಳು. ಬಿಸಿಲು ಕಣ್ಣಿಗೆ ಹೊಡೀತು ಅಂದೆ.

ಗ್ಯಾರೇಜಿಗೆ ಕೊಡಲ್ಲ. ಮೂವತ್ತೊಂದು ವರ್ಷ ಹಡಗುಗಳಿಗೆ ಬಣ್ಣ ಹೊಡೆದವನು.

ಏಪ್ರಿಲ್ 22

120ರ ಉಪ್ಪುಕಾಗದದಲ್ಲಿ ಉಜ್ಜಿದೆ, ಆಮೇಲೆ ಇನ್ನೂ ನಯವಾದ 320. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿದೆ. ಏರುತಗ್ಗು ಕೈಗೇ ಬೇಗ ಗೊತ್ತಾಗುತ್ತೆ. ಮಿಸೊ ಸಾರಲ್ಲೂ ಪುಟ್ಟಿ ಧೂಳಿನ ರುಚಿ.

ಏಪ್ರಿಲ್ 27

ಪ್ರೈಮರ್ ಒಣಗಿದೆ. ಕಾರಿನ ಬಣ್ಣದ ನಂಬರಿನ ಡಬ್ಬಿಯೇ ಅಂಗಡಿಯಲ್ಲಿತ್ತು. ಬೇಡ ಅಂದೆ. ಅದು ಹೊಸ ಕಾರಿನ ಬಣ್ಣ. ಹದಿನಾಲ್ಕು ವರ್ಷ ಉಪ್ಪುಗಾಳಿ ತಿಂದ ತಿಳಿನೀಲಿ ಬೇರೆ. ಬಿಳಿ, ನೀಲಿ, ಚಿಟಿಕೆ ಕಪ್ಪು, ಒಂದೆರಡು ಹನಿ ಕೆಂಪು — ನಾನೇ ಬೆರೆಸಿದೆ. ಹಡಗುಕಟ್ಟೆಯಲ್ಲಿ ಅನುಮಾನ ಬಂದರೆ "ಸೊಗಾನ ಕಣ್ಣಿಗೆ ತೋರಿಸ್ರಪ್ಪಾ" ಅಂತ ನನ್ನ ಹತ್ತಿರ ಕಳಿಸ್ತಿದ್ದ ಮೇಸ್ತ್ರಿ. ತಗಡಿನ ಚೂರಿಗೆ ಹಚ್ಚಿ ಬಾಗಿಲಿಗೆ ಹಿಡಿದು ನೋಡಿದೆ. ನಾಲ್ಕನೇ ಸಲ ಬೆರೆಸಿದ್ದು ಬಾಗಿಲಿನ ಬಣ್ಣದಲ್ಲೇ ಕರಗಿಹೋಯಿತು.

ಮೇ 3, ಬೆಳಗ್ಗೆ 6

ಗಾಳಿಯಿಲ್ಲ. ನೆಲಕ್ಕೆ ನೀರು ಚಿಮುಕಿಸಿ, ಗಾಜಿಗೆ ಹಳೇ ಪೇಪರ್ ಅಂಟಿಸಿದೆ. ತೆಳ್ಳಗೆ ಮೂರು ಕೋಟ್. ಎಲ್ಲೂ ಸೋರಿಲ್ಲ.

"ಹೇಗಿದೆ?"

"ನುಣ್ಣಗಿದೆ" ಅಂದಳು ಕಿನುಯೊ.

"ಬಣ್ಣ?"

"ಅನ್ನ ಆರ್ತಾ ಇದೆ, ಬನ್ನಿ."

ಮೇ 6

ಪಕ್ಕದ ತೋಫು ಅಂಗಡಿಯ ಇಗಾರಾಶಿ ಬಂದ. ಕಾರಿಗೊಂದು ಸುತ್ತು ಹಾಕಿದ.

"ಏನಯ್ಯಾ ಸೊಗಾ, ಯಾರ ಕಾರಿನ ಬಾಗಿಲು ಕಿತ್ಕೊಂಡ್ ಬಂದೆ?"

"ಯಾಕೆ?"

"ಬದನೆಕಾಯಿ ಬಣ್ಣ ಹೊಡೆದಿದ್ದೀಯಲ್ಲಯ್ಯಾ! ಅಲ್ವೇನ್ರೀ ಕಿನುಯೊ ಸಾನ್?"

ನಾನು ನಕ್ಕೆ. ಅವಳು ನಗಲಿಲ್ಲ. ಟೀ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇಗಾರಾಶಿ ಅವಳು ಹೋದ ಕಡೆ ನೋಡಿದ. "ತಮಾಷೆಗಂದೆ ಕಣಯ್ಯಾ" ಅಂದ. ತಮಾಷೆಗಲ್ಲ ಅಂತ ಆಗ ಗೊತ್ತಾಯಿತು.

ಅವನು ಹೋದ ಮೇಲೆ ಬಾಗಿಲ ಮುಂದೆ ಕೂತೆ. ಎಷ್ಟು ನೋಡಿದರೂ ನನಗೆ ಬಾಗಿಲೂ ಕಾರೂ ಒಂದೇ ನೀಲಿ...

ಮೇ 7

ಕೇಳಿದೆ. ಕಿನುಯೊ ಮೂಲಂಗಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಹೋದ ಚಳಿಗಾಲದಿಂದ. ಒಂದು ಕಪ್ಪು ಕಾಲುಚೀಲ, ಒಂದು ನೀಲಿ ಹಾಕ್ಕೊಂಡು ಮದುವೆಗೆ ಹೊರಟಿದ್ರಿ."

"ಹೇಳಬಾರದಿತ್ತಾ?"

"ಸೊಗಾನ ಕಣ್ಣು, ಸೊಗಾನ ಕಣ್ಣು ಅಂತ ಮದುವೆಯಾದಾಗಿಂದ ಕೇಳ್ಕೊಂಡು ಬಂದಿದ್ದೀನಿ. ಯಾವ ಬಾಯಲ್ಲಿ ಹೇಳ್ಲಿ?" ಚಾಕು ನಿಂತಿತು. "ಕಾರಲ್ಲಿ ಸೈಕಲ್ಲು, ಸೈಕಲ್ಲು ಅಂತ ಕೂಗ್ತೀನಲ್ಲ, ಯಾಕಂದ್ಕೊಂಡ್ರಿ? ಆ ಕಂಬದ ದಿನ ಬಗ್ಗಿ ಚೀಲ ಎತ್ಕೊಳ್ತಿದ್ದೆ. ಅಷ್ಟೊತ್ತಿಗೆ..."

ಅವತ್ತು ಬಿಸಿಲಿರಲಿಲ್ಲ ಅಂದೆ. ಕಂಬ ನನಗೆ ಕಾಣಲೇ ಇಲ್ಲ.

"ಗೊತ್ತು."

ಕಾರಿನ ಕೀ ಅವಳ ಮುಂದಿಟ್ಟೆ. ತಗೊಂಡು ಅಕ್ಕಿ ಡಬ್ಬದೊಳಗೆ ಹಾಕಿದಳು.

ಜೂನ್ 2

ಬಸ್ಸಲ್ಲಿ ಕಣ್ಣಿನ ಡಾಕ್ಟರ ಹತ್ತಿರ. ಎರಡೂ ಕಣ್ಣಿಗೆ ಪೊರೆ. ಹಳದಿಗಟ್ಟಿದೆಯಂತೆ, ನೀಲಿಯ ವ್ಯತ್ಯಾಸ ಮೊದಲು ಹೋಗುತ್ತದಂತೆ. 17ಕ್ಕೆ ಬಲಗಣ್ಣಿನ ಆಪರೇಷನ್.

ಜೂನ್ 18

ಪಟ್ಟಿ ಬಿಚ್ಚಿದರು. ಬಸ್ಸಿಳಿದು ನೇರ ಕಾರಿನ ಹತ್ತಿರ. ಬಲಗಣ್ಣಲ್ಲಿ ನೋಡಿದೆ. ಎಡಗಣ್ಣಲ್ಲಿ ನೋಡಿದೆ. ಮತ್ತೆ ಬಲಗಣ್ಣಲ್ಲಿ. ಇಗಾರಾಶಿ ಕಮ್ಮಿಯೇ ಹೇಳಿದ್ದ.

ಕೆಲಸ ಬಿಟ್ಟು ಎರಡು ವರ್ಷ. ಕೊನೆಕೊನೆಗೆ ನಾನು ಸರಿ ಅಂದ ಬಣ್ಣಗಳು ಸರಿಯಿದ್ದವಾ? ನನಗೆ ಗೊತ್ತಾಗದ ಹಾಗೆ ಯಾರಾದರೂ ತಿದ್ದುತ್ತಿದ್ದರಾ? ಮೇಸ್ತ್ರಿಗೆ ಫೋನ್ ಮಾಡಲು ಹೋದೆ. ಮಾಡಲಿಲ್ಲ.

ಜುಲೈ 6

ಎರಡು ದಿನದಿಂದ ಮಳೆಯಿಲ್ಲ. ಕಣ್ಣಿಗೆ ಧೂಳು ಕೂಡದು. ಬಾಗಿಲಿನ ಬದನೆಕಾಯಿ ಬಣ್ಣವನ್ನು ಕಿನುಯೊನೇ ಉಜ್ಜಿ ತೆಗೆದಳು. ನಾನು ಕನ್ನಡಕ ಹಾಕ್ಕೊಂಡು ಸ್ಟೂಲಿನ ಮೇಲೆ. "ಒಂದೇ ಕಡೆ ತಿಕ್ಕಬೇಡ" ಅಂದರೆ "ಪಾತ್ರೆ ತೊಳೆಯೋಕೂ ನೀವೇ ಕಲಿಸಿಕೊಟ್ರಾ?" ಅಂದಳು.

ಬಣ್ಣವೂ ಅವಳೇ ಬೆರೆಸಿದಳು. ಕಪ್ಪು ಚಿಟಿಕೆ ಸಾಕು ಅಂದೆ. ಅರ್ಧ ಚಮಚ ಸುರಿದಳು. ಹಾಳು ಮಾಡಿದೆಯಲ್ಲೇ ಅಂತ ಎದ್ದೆ. ತಗಡಿನ ಚೂರಿಗೆ ಹಚ್ಚಿ ಹಿಂದಿನ ಬಾಗಿಲಿಗೆ ಹಿಡಿದಳು. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ನೋಡಿದೆ — ಚೂರು ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು, ಗೊತ್ತಾಗಲಿಲ್ಲ.